‘ಟೆನ್ಷನ್ ಕಡಿಮೆ ಮಾಡಿಕೊಳ್ಳಿ’ ಎಂದರೆ ನಿಜಕ್ಕೂ ಏನು ಮಾಡಬೇಕು?

ರಕ್ತದೊತ್ತಡ ಸ್ವಲ್ಪ ಏರಿದೆ. ನಡುರಾತ್ರಿ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ. ಹೊಟ್ಟೆ ಸದಾ ಉಬ್ಬರಿಸಿದಂತಿರುತ್ತದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ವೈದ್ಯರು ಹೇಳುವ ಮಾತು ಒಂದೇ: ‘ಟೆನ್ಷನ್ ಕಡಿಮೆ ಮಾಡಿಕೊಳ್ಳಿ.’ ಮಾತ್ರೆಯಾದರೆ ದಿನಕ್ಕೆ ಎಷ್ಟು, ಊಟಕ್ಕೆ ಮೊದಲೋ ಆಮೇಲೋ ಎಂದು ಚೀಟಿಯಲ್ಲಿ ಬರೆದಿರುತ್ತದೆ. ಈ ಸಲಹೆಗೆ ಅಂಥ ಯಾವ ವಿವರವೂ ಇರುವುದಿಲ್ಲ. ಕೇಳಿಸಿಕೊಂಡವರು ಮನೆಗೆ ಬಂದು ಮೊಬೈಲ್‌ನಲ್ಲಿ ಹುಡುಕಿದರೆ ನೂರೆಂಟು ಉಪಾಯಗಳು ಸಿಗುತ್ತವೆ. ಯಾವುದು ಕೆಲಸ ಮಾಡುತ್ತದೆ, ಏಕೆ ಮಾಡುತ್ತದೆ ಎಂಬುದು ಮಾತ್ರ ಸಿಗುವುದು ಕಷ್ಟ. ಏಕೆ ಎಂಬುದು ತಿಳಿದರೆ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ನಾವೇ ಆರಿಸಿಕೊಳ್ಳಬಹುದು. ಆದ್ದರಿಂದ ಮೊದಲು ದೇಹದೊಳಗೆ ನಡೆಯುವುದನ್ನು ನೋಡೋಣ.

ಒತ್ತಡ ಯಾವುದು, ಒತ್ತಡಕ್ಕೆ ಕಾರಣ ಯಾವುದು

ದಿನಬಳಕೆಯಲ್ಲಿ ನಾವು ಎರಡು ಬೇರೆ ಸಂಗತಿಗಳಿಗೆ ಒಂದೇ ಹೆಸರು ಹೇಳುತ್ತೇವೆ. ತೀರದ ಸಾಲ, ಪರೀಕ್ಷೆ, ಮನೆಯಲ್ಲಿ ಕಾಯಿಲೆ, ಮೇಲಧಿಕಾರಿಯ ಕಿರುಕುಳ ಇವೆಲ್ಲ ಹೊರಗಿನ ಕಾರಣಗಳು. ಅವುಗಳನ್ನು ಎದುರಿಸಲು ದೇಹ ಮಾಡಿಕೊಳ್ಳುವ ಒಳಗಿನ ಸಿದ್ಧತೆಯೇ ಒತ್ತಡ. ಕಾರಣ ನಮ್ಮ ಕೈಯಲ್ಲಿ ಇಲ್ಲದಿರಬಹುದು. ಸಿದ್ಧತೆಯ ಮೇಲೆ ಮಾತ್ರ ನಮಗೆ ಸ್ವಲ್ಪ ಹಿಡಿತವಿದೆ. ಮುಂದೆ ಹೇಳುವ ಬಹುತೇಕ ವಿಧಾನಗಳು ಈ ಎರಡನೆಯದಕ್ಕೆ ಸಂಬಂಧಿಸಿದವು.

ಈ ಸಿದ್ಧತೆಯನ್ನು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದರು. ಅಪಾಯ ಎದುರಾದಾಗ ಪ್ರಾಣಿ ಹೋರಾಡಲು ಇಲ್ಲವೇ ಓಡಲು ಸಜ್ಜಾಗುತ್ತದೆ, ಅದಕ್ಕಾಗಿ ದೇಹದ ಎಲ್ಲ ಶಕ್ತಿಯೂ ಒಂದೆಡೆ ಹರಿಯುತ್ತದೆ ಎಂಬುದು ಅವರ ವಿವರಣೆಯ ತಿರುಳು. ಎರಡು ದಶಕಗಳ ಬಳಿಕ, 1936ರಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಹಾನ್ಸ್ ಸೆಲ್ಯೆ ‘ನೇಚರ್’ ಪತ್ರಿಕೆಗೆ ಒಂದು ಚಿಕ್ಕ ಟಿಪ್ಪಣಿ ಬರೆದರು. ಇಲಿಗಳನ್ನು ಚಳಿಗೆ ಒಡ್ಡಿದರೂ, ಗಾಯಗೊಳಿಸಿದರೂ, ಅತಿಯಾಗಿ ದುಡಿಸಿದರೂ, ವಿಷಕಾರಿ ರಾಸಾಯನಿಕ ಕೊಟ್ಟರೂ ಅವುಗಳ ದೇಹದಲ್ಲಿ ಆದ ಬದಲಾವಣೆ ಒಂದೇ ಬಗೆಯದು. ಅಡ್ರಿನಲ್ ಗ್ರಂಥಿ ಊದಿಕೊಂಡಿತು, ರೋಗನಿರೋಧಕ ಅಂಗವಾದ ಥೈಮಸ್ ಕುಗ್ಗಿತು, ಜಠರದಲ್ಲಿ ಹುಣ್ಣಾಯಿತು. ತೊಂದರೆ ಯಾವುದೇ ಇರಲಿ, ದೇಹದ ಪ್ರತಿಕ್ರಿಯೆ ಮಾತ್ರ ಹೆಚ್ಚುಕಡಿಮೆ ಒಂದೇ ಎಂಬ ಈ ಮಾತು ನಮಗೆ ಬಹಳ ಮುಖ್ಯ. ಕಡತ ಕಳೆದುಹೋದರೂ, ಮೈಮೇಲೆ ನಾಯಿ ಬಿದ್ದರೂ ಒಳಗೆ ಏಳುವುದು ಅದೇ ಸಿದ್ಧತೆ.

ಆ ಕೆಲವು ಕ್ಷಣಗಳಲ್ಲಿ ದೇಹದೊಳಗೆ

ರಸ್ತೆ ದಾಟುವಾಗ ಪಕ್ಕದಲ್ಲೇ ಲಾರಿಯೊಂದು ಜೋರಾಗಿ ಹಾರ್ನ್ ಹೊಡೆಯಿತು ಎಂದುಕೊಳ್ಳಿ. ಏನಾಯಿತೆಂದು ಯೋಚಿಸುವ ಮೊದಲೇ ನೀವು ಹಿಂದಕ್ಕೆ ಜಿಗಿದಿರುತ್ತೀರಿ. ಅಪಾಯವನ್ನು ಗುರುತಿಸುವ ಅಮಿಗ್ಡಲ ಎಂಬ ಮಿದುಳಿನ ಪುಟ್ಟ ಭಾಗ, ಅದರ ಸಮೀಪದ ಹೈಪೊಥಲಾಮಸ್‌ಗೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿಂದ ಸುದ್ದಿ ಎರಡು ದಾರಿಗಳಲ್ಲಿ ಹೊರಡುತ್ತದೆ.

ಮೊದಲನೆಯದು ನರಗಳ ದಾರಿ. ಇದು ಕ್ಷಣಾರ್ಧದ ಕೆಲಸ. ಮೂತ್ರಪಿಂಡಗಳ ನೆತ್ತಿಯ ಮೇಲೆ ಒಂದೊಂದರಂತೆ ಕುಳಿತಿರುವ, ತಲಾ ನಾಲ್ಕೈದು ಗ್ರಾಂ ತೂಗುವ ಅಡ್ರಿನಲ್ ಗ್ರಂಥಿಗಳಿಂದ ಅಡ್ರಿನಲಿನ್ ರಕ್ತಕ್ಕೆ ಸುರಿಯುತ್ತದೆ. ಎದೆ ಡವಗುಟ್ಟುತ್ತದೆ, ಉಸಿರು ಚುರುಕಾಗುತ್ತದೆ, ಕಣ್ಣಪಾಪೆ ಅಗಲವಾಗುತ್ತದೆ. ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ಬಿಡುಗಡೆ ಮಾಡುತ್ತದೆ. ಆ ಹೊತ್ತಿಗೆ ಬೇಡದ ಕೆಲಸಗಳು ನಿಲ್ಲುತ್ತವೆ: ಜೀರ್ಣಕ್ರಿಯೆ ನಿಧಾನವಾಗುತ್ತದೆ, ಬಾಯಿ ಒಣಗುತ್ತದೆ. ವೇದಿಕೆ ಹತ್ತಿದಾಗ ನಾಲಿಗೆ ಅಂಟಿಕೊಳ್ಳುವುದೂ, ಪರೀಕ್ಷೆಯ ಬೆಳಿಗ್ಗೆ ತುತ್ತು ಇಳಿಯದಿರುವುದೂ ಇದೇ ಕಾರಣಕ್ಕೆ.

ಎರಡನೆಯದು ರಕ್ತದ ದಾರಿ, ಸ್ವಲ್ಪ ನಿಧಾನ. ಹೈಪೊಥಲಾಮಸ್ ಒಂದು ಹಾರ್ಮೋನಿನ ಮೂಲಕ ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುತ್ತದೆ, ಪಿಟ್ಯುಟರಿ ಇನ್ನೊಂದರ ಮೂಲಕ ಅಡ್ರಿನಲ್ ಗ್ರಂಥಿಯನ್ನು ಎಚ್ಚರಿಸುತ್ತದೆ. ಅಡ್ರಿನಲ್ ಗ್ರಂಥಿಯ ಹೊರಪದರದಿಂದ ಕಾರ್ಟಿಸಾಲ್ ಹೊರಬರುತ್ತದೆ. ಇದರ ಮಟ್ಟ ತುದಿ ಮುಟ್ಟಲು ಸುಮಾರು 20ರಿಂದ 30 ನಿಮಿಷ ಬೇಕು. ಹೋರಾಟ ಮುಂದುವರಿದರೆ ಇಂಧನ ಸಾಲಬೇಕಲ್ಲ, ಆ ವ್ಯವಸ್ಥೆಯೆಲ್ಲ ಕಾರ್ಟಿಸಾಲ್‌ನದು. ಜಗಳ ಮುಗಿದು ಅರ್ಧ ಗಂಟೆಯಾದರೂ ಮೈ ತಹಬಂದಿಗೆ ಬರುವುದಿಲ್ಲವೇಕೆ ಎಂಬ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ಆಗ ‘ಸಮಾಧಾನ ಮಾಡಿಕೋ’ ಎಂದು ಒತ್ತಾಯಿಸಿದರೆ ಪ್ರಯೋಜನವಿಲ್ಲ. ರಕ್ತದಲ್ಲಿರುವ ಹಾರ್ಮೋನು ಕರಗಲು ಅದರದೇ ಸಮಯ ಬೇಕು.

ಇನ್ನು ಇದು ನಿಲ್ಲುವುದು ಹೇಗೆ? ಮನೆಯ ಮೇಲಿನ ನೀರಿನ ಟ್ಯಾಂಕಿನಲ್ಲಿ ತೇಲುವ ಚೆಂಡಿನ ಕವಾಟವನ್ನು ನೆನಪಿಸಿಕೊಳ್ಳಿ. ನೀರು ಏರಿದಂತೆ ಚೆಂಡೂ ಏರಿ, ನೀರು ಬರುವ ಕೊಳವೆಯನ್ನು ತಾನೇ ಮುಚ್ಚುತ್ತದೆ. ಒಳಗೆ ಬಂದ ನೀರೇ ‘ಸಾಕು’ ಎಂದು ಹೇಳುತ್ತದೆ. ಕಾರ್ಟಿಸಾಲ್ ಕೂಡ ಹೀಗೆಯೇ. ರಕ್ತದಲ್ಲಿ ಅದು ಸಾಕಷ್ಟಾದಾಗ ಹೈಪೊಥಲಾಮಸ್ ಮತ್ತು ಪಿಟ್ಯುಟರಿಗೆ ಮರಳಿ ಸುದ್ದಿ ಹೋಗುತ್ತದೆ, ಉತ್ಪಾದನೆ ಇಳಿಯುತ್ತದೆ. ಜೊತೆಗೆ ಮಿದುಳಿನ ಬುಡದಿಂದ ಹೊರಟು ಗುಂಡಿಗೆ, ಶ್ವಾಸಕೋಶ, ಕರುಳಿನವರೆಗೂ ಹರಡಿರುವ ವೇಗಸ್ ಎಂಬ ನರ ಗುಂಡಿಗೆಯ ಬಡಿತವನ್ನು ಇಳಿಸುತ್ತದೆ. ಸಿದ್ಧತೆ ಮುಗಿದು ವಿಶ್ರಾಂತಿ ಶುರುವಾಗುತ್ತದೆ. ಯಂತ್ರ ಕೆಟ್ಟಿಲ್ಲವಾದರೆ ಇಷ್ಟೂ ತನ್ನಿಂದ ತಾನೇ ನಡೆಯುತ್ತದೆ.

ಒತ್ತಡವೇ ಬೇಡ ಎನ್ನುವಂತಿಲ್ಲ

ಬೆಳಿಗ್ಗೆ ಹಾಸಿಗೆಯಿಂದ ಎಬ್ಬಿಸುವುದರಲ್ಲೂ ಕಾರ್ಟಿಸಾಲ್‌ನ ಪಾತ್ರವಿದೆ. ಎಚ್ಚರವಾದ 30ರಿಂದ 45 ನಿಮಿಷಗಳಲ್ಲಿ ಅದು ದಿನದ ಗರಿಷ್ಠ ಮಟ್ಟಕ್ಕೆ ಬಂದು, ಸಂಜೆಯತ್ತ ಇಳಿಯುತ್ತ, ನಡುರಾತ್ರಿಯ ಸುಮಾರಿಗೆ ಅತಿ ಕಡಿಮೆಯಾಗುತ್ತದೆ. ಕಾರ್ಟಿಸಾಲ್ ತೀರಾ ಕಡಿಮೆಯಾಗುವ ಕಾಯಿಲೆಯೂ ಇದೆ, ಅದು ಪ್ರಾಣಕ್ಕೇ ಅಪಾಯ. ಸಂದರ್ಶನಕ್ಕೆ ಮೊದಲಿನ ತಳಮಳ ನಮ್ಮನ್ನು ಚುರುಕಾಗಿಸುತ್ತದೆ, ಗಡುವು ಹತ್ತಿರ ಬಂದಾಗ ಕೆಲಸ ಸಾಗುತ್ತದೆ. ಹೀಗೆ ಬಂದು ಹೀಗೆ ಹೋಗುವ ಒತ್ತಡದಿಂದ ಆರೋಗ್ಯವಂತರಿಗೆ ಹಾನಿಯಿಲ್ಲ.

ಆರದೇ ಉಳಿದಾಗ

ಮನುಷ್ಯನ ಮಿದುಳಿಗೆ ಇಲ್ಲದ ಅಪಾಯವನ್ನೂ ಕಲ್ಪಿಸಿಕೊಳ್ಳುವ ಶಕ್ತಿಯಿದೆ. ಹುಲಿಯಿಂದ ತಪ್ಪಿಸಿಕೊಂಡ ಜಿಂಕೆ ಸ್ವಲ್ಪ ಹೊತ್ತಿಗೆ ಮತ್ತೆ ಮೇಯತೊಡಗುತ್ತದೆ. ನಾವು ನಿನ್ನೆ ಕೇಳಿದ ಚುಚ್ಚುಮಾತನ್ನು ಇಂದು ರಾತ್ರಿ ಹಾಸಿಗೆಯಲ್ಲಿ ಮತ್ತೆ ಕೇಳಿಸಿಕೊಳ್ಳುತ್ತೇವೆ, ನಾಳೆ ಬರಬಹುದಾದ ಕಾಗದವನ್ನು ಇಂದೇ ಓದುತ್ತೇವೆ. ನೆನಪಿನಲ್ಲಿರುವುದಕ್ಕೂ ಕಣ್ಣೆದುರಿನದಕ್ಕೂ ದೇಹ ಹೆಚ್ಚು ಭೇದ ಮಾಡುವುದಿಲ್ಲ. ಪ್ರತಿ ಸಲವೂ ಅದೇ ಸಿದ್ಧತೆ. ಆರುವ ಮೊದಲೇ ಇನ್ನೊಂದು, ಅದು ಆರುವ ಮೊದಲೇ ಮತ್ತೊಂದು. ತಿಂಗಳುಗಟ್ಟಲೆ ಹೀಗಾದರೆ ಟ್ಯಾಂಕಿನ ಆ ಚೆಂಡು ಸಿಕ್ಕಿಹಾಕಿಕೊಂಡಂತೆ: ‘ಸಾಕು’ ಎಂಬ ಸುದ್ದಿಗೆ ಮಿದುಳು ಮೊದಲಿನಷ್ಟು ಕಿವಿಗೊಡುವುದಿಲ್ಲ.

ಈ ನಿರಂತರ ಸವಕಳಿಗೆ ಅಮೆರಿಕದ ನರವಿಜ್ಞಾನಿ ಬ್ರೂಸ್ ಮೆಕ್‌ಯೂವನ್ ಮತ್ತು ಅವರ ಸಹೋದ್ಯೋಗಿ 1993ರಲ್ಲಿ ‘ಅಲೋಸ್ಟ್ಯಾಟಿಕ್ ಲೋಡ್’ ಎಂಬ ಹೆಸರು ಕೊಟ್ಟರು. ದೇಹ ಹೊಂದಿಕೊಳ್ಳುತ್ತಲೇ ಇರುವುದಕ್ಕೆ ತೆರುವ ಬೆಲೆ ಎಂದು ಅದರ ಅರ್ಥ. ರಕ್ತದೊತ್ತಡ ಏರಿದಲ್ಲೇ ಉಳಿಯುತ್ತದೆ, ಹೊಟ್ಟೆಯ ಸುತ್ತ ಕೊಬ್ಬು ಕೂಡುತ್ತದೆ, ರಕ್ತದ ಸಕ್ಕರೆ ಏರುತ್ತದೆ, ನಿದ್ದೆ ತೆಳುವಾಗುತ್ತದೆ, ಮರೆವು ಹೆಚ್ಚುತ್ತದೆ.

ರೋಗನಿರೋಧಕ ಶಕ್ತಿಯ ಮೇಲೆ ಆಗುವ ಪರಿಣಾಮವನ್ನು ತೋರಿಸಿದ ಎರಡು ಪ್ರಯೋಗಗಳನ್ನು ಇಲ್ಲಿ ಹೇಳಲೇಬೇಕು. ಮನೋವಿಜ್ಞಾನಿ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು ಆರೋಗ್ಯವಂತರಾದ 394 ಮಂದಿಯ ಮೂಗಿಗೆ, ಅವರ ಒಪ್ಪಿಗೆ ಪಡೆದು, ನೆಗಡಿಯ ವೈರಾಣುವಿನ ಹನಿ ಹಾಕಿ ಪ್ರತ್ಯೇಕವಾಗಿ ಇರಿಸಿದರು. ಬದುಕಿನಲ್ಲಿ ಒತ್ತಡ ಹೆಚ್ಚಿದ್ದವರಿಗೆ ಸೋಂಕು ತಗಲುವುದೂ, ನೆಗಡಿ ಕಾಣಿಸಿಕೊಳ್ಳುವುದೂ ಹೆಚ್ಚಾಗಿತ್ತು. 1991ರಲ್ಲಿ ಇದು ಪ್ರಕಟವಾಯಿತು. ನನ್ನನ್ನು ಹೆಚ್ಚು ಕಲಕುವುದು 1995ರ ಇನ್ನೊಂದು ಅಧ್ಯಯನ. ಮರೆಗುಳಿ ಕಾಯಿಲೆಯ ಬಂಧುವನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ 13 ಮಹಿಳೆಯರ ಮತ್ತು ಅದೇ ವಯಸ್ಸಿನ, ಆ ಹೊರೆ ಇಲ್ಲದ 13 ಮಹಿಳೆಯರ ತೋಳಿನಲ್ಲಿ ಒಂದೇ ಅಳತೆಯ ಚಿಕ್ಕ ಗಾಯ ಮಾಡಿ, ಅದು ಮಾಯುವುದನ್ನು ಗಮನಿಸಲಾಯಿತು. ಆರೈಕೆಯ ಹೊರೆ ಹೊತ್ತವರ ಗಾಯ ಮಾಯಲು ಸರಾಸರಿ ಒಂಬತ್ತು ದಿನ ಹೆಚ್ಚು ಹಿಡಿಯಿತು. ಒತ್ತಡ ಬರೀ ಮನಸ್ಸಿನ ವಿಚಾರ ಎನ್ನುವವರಿಗೆ ಚರ್ಮವೇ ಉತ್ತರ ಕೊಟ್ಟಿದೆ.

ಹಾಗಾದರೆ ಮಾಡಬೇಕಾದ ಕೆಲಸ ಸ್ಪಷ್ಟ. ಒತ್ತಡ ಬಾರದಂತೆ ತಡೆಯುವುದಕ್ಕಿಂತ, ಬಂದದ್ದು ಆರುವುದಕ್ಕೆ ಅವಕಾಶ ಮಾಡಿಕೊಡುವುದು ಮುಖ್ಯ. ‘ಅಪಾಯ ಕಳೆಯಿತು’ ಎಂಬ ಸುದ್ದಿಯನ್ನು ದೇಹಕ್ಕೆ ಅರ್ಥವಾಗುವ ಭಾಷೆಯಲ್ಲಿ ಮುಟ್ಟಿಸಬೇಕು.

ಉಸಿರು: ನಮ್ಮ ಕೈಗೆ ಸಿಗುವ ಒಂದೇ ಹಿಡಿ

ಗುಂಡಿಗೆಗೆ ‘ನಿಧಾನವಾಗಿ ಬಡಿ’ ಎಂದರೆ ಅದು ಕೇಳುವುದಿಲ್ಲ. ಕರುಳು, ರಕ್ತನಾಳ, ಗ್ರಂಥಿಗಳೂ ನಮ್ಮ ಅಪ್ಪಣೆ ಪಾಲಿಸುವುದಿಲ್ಲ. ಇವೆಲ್ಲ ಸ್ವಯಂಚಾಲಿತ ನರವ್ಯೂಹದ ಸುಪರ್ದಿಯಲ್ಲಿವೆ. ಉಸಿರಾಟ ಮಾತ್ರ ಎರಡೂ ಕಡೆಗೆ ಸೇರಿದ್ದು. ಮರೆತರೆ ತಾನೇ ನಡೆಯುತ್ತದೆ, ಗಮನ ಕೊಟ್ಟರೆ ನಾವು ಹೇಳಿದಂತೆ ನಡೆಯುತ್ತದೆ. ಹಾಗಾಗಿ ಒಳಗಿನ ವ್ಯವಸ್ಥೆಯನ್ನು ತಲುಪಲು ಇದಕ್ಕಿಂತ ನೇರವಾದ ದಾರಿಯಿಲ್ಲ.

ಇದನ್ನು ಈಗಲೇ, ಓದುತ್ತ ಕುಳಿತಲ್ಲೇ ಪರೀಕ್ಷಿಸಬಹುದು. ಎಡ ಮಣಿಕಟ್ಟಿನಲ್ಲಿ, ಹೆಬ್ಬೆರಳ ಬುಡದ ಕೆಳಗೆ, ಬಲಗೈಯ ಎರಡು ಬೆರಳುಗಳನ್ನು ಮೆಲ್ಲಗೆ ಒತ್ತಿ ನಾಡಿ ಹಿಡಿಯಿರಿ. ನಿಧಾನವಾಗಿ ಉಸಿರೆಳೆದುಕೊಳ್ಳಿ, ಇನ್ನೂ ನಿಧಾನವಾಗಿ ಬಿಡಿ. ನಾಲ್ಕೈದು ಸಲ ಹೀಗೆ ಮಾಡಿದರೆ ಹಲವರಿಗೆ ಒಂದು ಸಂಗತಿ ಬೆರಳಿಗೇ ತಿಳಿಯುತ್ತದೆ: ಎಳೆದುಕೊಳ್ಳುವಾಗ ನಾಡಿ ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಇದು ರೋಗವಲ್ಲ, ಆರೋಗ್ಯದ ಲಕ್ಷಣ. ಉಸಿರು ಬಿಡುವಾಗ ವೇಗಸ್ ನರದ ಪ್ರಭಾವ ಹೆಚ್ಚಿ ಗುಂಡಿಗೆ ನಿಧಾನಿಸುತ್ತದೆ. ಯುವಕರಲ್ಲಿ ಇದು ಎದ್ದು ಕಾಣುತ್ತದೆ, ವಯಸ್ಸಾದಂತೆ ಮಂಕಾಗುತ್ತದೆ, ಆದ್ದರಿಂದ ಬೆರಳಿಗೆ ಸಿಗದಿದ್ದರೆ ಗಾಬರಿಯಾಗಬೇಕಿಲ್ಲ.

ವಿಧಾನ ಇದರಿಂದಲೇ ಹುಟ್ಟುತ್ತದೆ. ಬಿಡುವ ಉಸಿರು ಎಳೆಯುವ ಉಸಿರಿಗಿಂತ ದೀರ್ಘವಾಗಿರಲಿ. ಮೂಗಿನಿಂದ ನಾಲ್ಕು ಎಣಿಸುವವರೆಗೆ ಎಳೆದುಕೊಂಡು, ಆರು ಎಣಿಸುವವರೆಗೆ ಬಿಡಿ. ಒಂದು ಎಣಿಕೆಗೆ ಒಂದು ಸೆಕೆಂಡಾದರೆ ನಿಮಿಷಕ್ಕೆ ಆರು ಉಸಿರು. ಸಾಮಾನ್ಯವಾಗಿ ನಾವು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ಆರರ ಆಸುಪಾಸಿನಲ್ಲಿ ಉಸಿರಿನ ಲಯವೂ ರಕ್ತದೊತ್ತಡವನ್ನು ಸರಿದೂಗಿಸುವ ದೇಹದ ಸ್ವಂತ ಲಯವೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ ಎಂಬುದು ಈ ಸಂಖ್ಯೆಯ ಹಿಂದಿನ ಕಾರಣ. ಎದೆ ಉಬ್ಬಿಸಬೇಡಿ, ಹೊಟ್ಟೆ ಏರಿಳಿಯಲಿ. ಬಲವಂತವಾಗಿ ಆಳಕ್ಕೆ ಎಳೆದರೆ ತಲೆ ಹಗುರಾಗಿ ಸುತ್ತಬಹುದು. ಹಾಗಾದರೆ ನಿಲ್ಲಿಸಿ, ಎಂದಿನಂತೆ ಉಸಿರಾಡಿ.

ಎಷ್ಟು ಹೊತ್ತು? 2023ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ದಿನಕ್ಕೆ ಐದೇ ನಿಮಿಷದ ಅಭ್ಯಾಸವನ್ನು ಒಂದು ತಿಂಗಳು ಮಾಡಿಸಿ ನೋಡಿದರು. ಮೂಗಿನಿಂದ ಉಸಿರೆಳೆದು, ಅದರ ಮೇಲೆ ಇನ್ನಷ್ಟು ಎಳೆದು, ಬಾಯಿಂದ ದೀರ್ಘವಾಗಿ ಬಿಡುವ ನಿಟ್ಟುಸಿರಿನಂಥ ಕ್ರಮ ಪಾಲಿಸಿದವರ ಮನಃಸ್ಥಿತಿ, ಅಷ್ಟೇ ಹೊತ್ತು ಧ್ಯಾನ ಮಾಡಿದವರಿಗಿಂತ ಹೆಚ್ಚು ಸುಧಾರಿಸಿತ್ತು. ಅತ್ತು ಮುಗಿದ ಮೇಲೆ ಮಕ್ಕಳು ಬಿಕ್ಕುತ್ತ ಎರಡೆರಡು ಸಲ ಉಸಿರೆಳೆದು ನಿಟ್ಟುಸಿರು ಬಿಡುವುದನ್ನು ನೋಡಿದ್ದೀರಲ್ಲ, ದೇಹಕ್ಕೆ ಈ ಉಪಾಯ ಮೊದಲೇ ಗೊತ್ತು.

ನಡೆಯುವುದರಿಂದ ಆಗುವುದೇನು

ಒತ್ತಡದ ಸಿದ್ಧತೆಯೆಲ್ಲ ಸ್ನಾಯುಗಳಿಗಾಗಿ. ಓಡಲಿಕ್ಕೆಂದು ಸಕ್ಕರೆ ರಕ್ತಕ್ಕೆ ಬಂದಿದೆ, ಹೊಡೆದಾಡಲಿಕ್ಕೆಂದು ಹೆಗಲು ಬಿಗಿದಿದೆ. ನಾವು ಮಾತ್ರ ಕುರ್ಚಿಯಲ್ಲಿ ಕುಳಿತು ಪರದೆ ನೋಡುತ್ತಿರುತ್ತೇವೆ. ಎದ್ದು ಚುರುಕಾಗಿ ನಡೆದರೆ ಆ ಸಿದ್ಧತೆಗೆ ಅದು ಬಯಸಿದ ಕೊನೆ ಸಿಗುತ್ತದೆ. ಕೆಲಸ ಮಾಡುವ ಸ್ನಾಯು ಇನ್ಸುಲಿನ್‌ನ ನೆರವಿಲ್ಲದೆಯೂ ರಕ್ತದ ಸಕ್ಕರೆಯನ್ನು ಹೀರಿಕೊಳ್ಳಬಲ್ಲದು. ನಿಯಮಿತವಾಗಿ ವ್ಯಾಯಾಮ ಮಾಡುವವರ ಗುಂಡಿಗೆ ವಿಶ್ರಾಂತಿಯಲ್ಲಿ ನಿಧಾನವಾಗಿ ಬಡಿಯುತ್ತದೆ, ರಾತ್ರಿಯ ನಿದ್ದೆ ಗಾಢವಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ಚಟುವಟಿಕೆ ಬೇಕೆಂದು ಹೇಳಿದೆ. ಸಾಧಾರಣ ಶ್ರಮ ಎಂದರೆ ನಡೆಯುತ್ತ ಮಾತನಾಡಲು ಆಗಬೇಕು, ಹಾಡಲು ಉಸಿರು ಸಾಲಬಾರದು. ಒಂದೇ ಸಲ ಇಷ್ಟು ಹೊತ್ತು ಮಾಡಬೇಕೆಂದಿಲ್ಲ. ಹತ್ತು ನಿಮಿಷದ ನಡಿಗೆಗಳೂ ಲೆಕ್ಕಕ್ಕೆ ಬರುತ್ತವೆ ಎಂಬುದನ್ನು ಬಿಡುವಿಲ್ಲದವರು ನೆನಪಿಡಬೇಕು. ಗುಂಡಿಗೆಯ ತೊಂದರೆ ಇರುವವರು, ಬಹಳ ವರ್ಷ ಮೈ ಬಗ್ಗಿಸದೇ ಇದ್ದವರು ಕಠಿಣ ವ್ಯಾಯಾಮಕ್ಕೆ ಕೈಹಾಕುವ ಮೊದಲು ವೈದ್ಯರನ್ನು ಕೇಳುವುದು ಒಳ್ಳೆಯದು.

ನಡೆಯಲಾಗದವರಿಗೆ ಇನ್ನೊಂದು ದಾರಿಯಿದೆ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ ಕಳೆದ ಶತಮಾನದ ಮೊದಲ ದಶಕಗಳಲ್ಲಿ ರೂಪಿಸಿದ ಸ್ನಾಯು ಸಡಿಲಿಕೆ ಅದು. ಮಲಗಿ ಅಥವಾ ಒರಗಿ ಕುಳಿತು, ಒಂದು ಮುಷ್ಟಿಯನ್ನು ಐದಾರು ಸೆಕೆಂಡ್ ಬಿಗಿಯಾಗಿ ಹಿಡಿದು, ಒಮ್ಮೆಲೇ ಬಿಟ್ಟುಬಿಡಬೇಕು. ಬಿಗಿತ ಹೋದಾಗಿನ ಆ ಸಡಿಲವನ್ನು ಹತ್ತಿಪ್ಪತ್ತು ಸೆಕೆಂಡ್ ಗಮನಿಸಬೇಕು. ನಂತರ ಇನ್ನೊಂದು ಕೈ, ತೋಳು, ಹೆಗಲು, ಹಣೆ, ದವಡೆ, ಹೊಟ್ಟೆ, ತೊಡೆ, ಪಾದ. ದವಡೆಗೆ ಬಂದಾಗ ಹೆಚ್ಚಿನವರಿಗೆ ಆಶ್ಚರ್ಯವಾಗುತ್ತದೆ. ಹಗಲೆಲ್ಲ ಹಲ್ಲು ಕಚ್ಚಿಕೊಂಡೇ ಇದ್ದೆವು ಎಂಬುದು ಬಿಟ್ಟ ಮೇಲೆ ತಿಳಿಯುತ್ತದೆ.

ನಿದ್ದೆ ಮತ್ತು ಕೆಫೀನ್

ಒತ್ತಡ ನಿದ್ದೆ ಕೆಡಿಸುತ್ತದೆ, ನಿದ್ದೆಗೆಟ್ಟ ದೇಹ ಮರುದಿನ ಸಣ್ಣ ಕಾರಣಕ್ಕೂ ಸಿಡಿಮಿಡಿಗೊಳ್ಳುತ್ತದೆ. ಈ ಸುತ್ತನ್ನು ಎಲ್ಲಾದರೂ ಕತ್ತರಿಸಬೇಕೆಂದರೆ ನಿದ್ದೆಯ ಕಡೆಯಿಂದ ಶುರು ಮಾಡುವುದು ಮೇಲು. ವಯಸ್ಕರಿಗೆ ರಾತ್ರಿ ಕನಿಷ್ಠ ಏಳು ಗಂಟೆಯ ನಿದ್ದೆ ಬೇಕೆಂದು ನಿದ್ರಾತಜ್ಞರ ಶಿಫಾರಸು. ಮಲಗುವ ಸಮಯಕ್ಕಿಂತ ಏಳುವ ಸಮಯವನ್ನು ರಜಾದಿನಗಳಲ್ಲೂ ಒಂದೇ ಆಗಿ ಇಟ್ಟುಕೊಳ್ಳುವುದು ಸುಲಭ, ಮತ್ತು ದೇಹದ ಗಡಿಯಾರ ಅದನ್ನೇ ಹಿಡಿದು ನಡೆಯುತ್ತದೆ. ಎದ್ದ ಕೂಡಲೇ ಕಣ್ಣಿಗೆ ಬೀಳುವ ಹಗಲ ಬೆಳಕು ಆ ಗಡಿಯಾರವನ್ನು ಸರಿಮಾಡುತ್ತದೆ, ರಾತ್ರಿಯ ಪ್ರಖರ ಬೆಳಕು ಹಿಂದೆ ತಳ್ಳುತ್ತದೆ.

ಕಾಫಿ, ಚಹಾದಲ್ಲಿರುವ ಕೆಫೀನ್ ಅರ್ಧಕ್ಕೆ ಇಳಿಯಲು ಸರಾಸರಿ ಐದು ಗಂಟೆ ಬೇಕು. ಸಂಜೆ ಐದಕ್ಕೆ ಕುಡಿದದ್ದರ ಅರ್ಧ ರಾತ್ರಿ ಹತ್ತಕ್ಕೂ ರಕ್ತದಲ್ಲಿ ಇರುತ್ತದೆ. ಕೆಲವರಲ್ಲಿ ಇದು ಇನ್ನೂ ನಿಧಾನ. ಮದ್ಯ ಬೇಗ ನಿದ್ದೆ ತರಿಸುತ್ತದಾದರೂ ರಾತ್ರಿಯ ಎರಡನೆಯ ಅರ್ಧದಲ್ಲಿ ನಿದ್ದೆಯನ್ನು ಒಡೆಯುತ್ತದೆ. ಸಿಗರೇಟಿನಿಂದ ಸಿಗುವ ಸಮಾಧಾನವೂ ಬಹುಪಾಲು ನಿಕೋಟಿನ್ ಚಟವೇ ಹುಟ್ಟಿಸಿದ ಕಸಿವಿಸಿಯ ತಾತ್ಕಾಲಿಕ ಶಮನ. ಆ ಹೊತ್ತಿನಲ್ಲಿ ನಾಡಿಬಡಿತ ಏರಿರುತ್ತದೆ.

ಹಾಸಿಗೆಯಲ್ಲಿ ನಾಳೆಯ ಕೆಲಸಗಳು ಸಾಲುಗಟ್ಟಿದರೆ ಎದ್ದು ಅವುಗಳನ್ನು ಒಂದು ಹಾಳೆಯ ಮೇಲೆ ಬರೆಯಿರಿ. 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 57 ಯುವಜನರ ಪೈಕಿ ಅರ್ಧದಷ್ಟು ಮಂದಿ ಮಲಗುವ ಮುನ್ನ ಐದು ನಿಮಿಷ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದರು, ಉಳಿದವರು ಮುಗಿಸಿದ ಕೆಲಸಗಳನ್ನು ಬರೆದರು. ಮಾಡಬೇಕಾದುದನ್ನು ಬರೆದವರಿಗೆ ಬೇಗ ನಿದ್ದೆ ಹತ್ತಿತು. ಪಟ್ಟಿ ವಿವರವಾಗಿದ್ದಷ್ಟೂ ಫಲ ಹೆಚ್ಚಿತ್ತು.

ಧ್ಯಾನ ಎಷ್ಟು ನಂಬಬಹುದು?

ತಪ್ಪು ತಿಳಿವಳಿಕೆ ಹೆಚ್ಚು ಇರುವುದು ಇಲ್ಲೇ. ಧ್ಯಾನವೆಂದರೆ ಮನಸ್ಸನ್ನು ಖಾಲಿ ಮಾಡುವುದು ಎಂದುಕೊಂಡು ಕುಳಿತವರು ಎರಡು ನಿಮಿಷಕ್ಕೆ ಸೋತು ಏಳುತ್ತಾರೆ. ಖಾಲಿ ಮಾಡುವ ಅಗತ್ಯವಿಲ್ಲ. ಉಸಿರಿನ ಮೇಲೋ ಒಂದು ಶಬ್ದದ ಮೇಲೋ ಗಮನ ಇಡುವುದು, ಗಮನ ಜಾರಿದ್ದು ತಿಳಿದಾಗ ಬೇಸರಪಡದೆ ಮರಳಿ ತರುವುದು. ಜಾರಿದ್ದನ್ನು ಗುರುತಿಸುವುದೇ ಅಭ್ಯಾಸದ ಮುಖ್ಯ ಭಾಗ. ಚಿಂತೆಯ ಸರಪಳಿ ಬೆಳೆಯುವ ಮೊದಲೇ ಹಿಡಿಯುವುದನ್ನು ಮನಸ್ಸು ಇಲ್ಲಿ ಕಲಿಯುತ್ತದೆ. ಚಿಂತೆ ಮೊಟಕಾದರೆ ದೇಹದ ಸಿದ್ಧತೆಯೂ ಮೊಟಕಾಗುತ್ತದೆ.

1970ರ ದಶಕದಲ್ಲಿ ಅಮೆರಿಕದ ಹೃದ್ರೋಗ ತಜ್ಞ ಹರ್ಬರ್ಟ್ ಬೆನ್ಸನ್, ಧ್ಯಾನ ಮಾಡುವವರಲ್ಲಿ ಆಮ್ಲಜನಕದ ಬಳಕೆ ಮತ್ತು ಉಸಿರಾಟದ ವೇಗ ಇಳಿಯುವುದನ್ನು ಅಳೆದು ತೋರಿಸಿದರು. 1979ರಲ್ಲಿ ಜಾನ್ ಕಬಟ್-ಜಿನ್ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ರೋಗಿಗಳಿಗಾಗಿ ಧ್ಯಾನದ ಕ್ರಮವೊಂದನ್ನು ಆರಂಭಿಸಿದರು. ಆಮೇಲೆ ನೂರಾರು ಅಧ್ಯಯನಗಳು ಬಂದವು. 2014ರಲ್ಲಿ 47 ಪ್ರಯೋಗಗಳನ್ನೂ ಸುಮಾರು 3,500 ಮಂದಿಯನ್ನೂ ಒಟ್ಟಿಗೆ ಪರಿಶೀಲಿಸಿದ ವರದಿ, ಆತಂಕ ಮತ್ತು ಖಿನ್ನತೆಯ ಲಕ್ಷಣಗಳು ಧ್ಯಾನದಿಂದ ಸ್ವಲ್ಪಮಟ್ಟಿಗೆ ತಗ್ಗುತ್ತವೆ ಎಂದು ಕಂಡಿತು. ವ್ಯಾಯಾಮ, ಔಷಧಿಯಂಥ ಬೇರೆ ಚಿಕಿತ್ಸೆಗಳಿಗಿಂತ ಧ್ಯಾನ ಮೇಲು ಎಂಬುದಕ್ಕೆ ಮಾತ್ರ ಪುರಾವೆ ಸಿಗಲಿಲ್ಲ. ಅಂದರೆ ಧ್ಯಾನ ಹಿಡಿಸಿದವರು ಮಾಡಲಿ, ಹಿಡಿಸದವರು ಅದೇ ಹೊತ್ತು ನಡೆಯಲಿ. ಇಬ್ಬರಿಗೂ ನಷ್ಟವಿಲ್ಲ. ಹಳೆಯ ಆಘಾತದ ನೆನಪು ಕಾಡುವವರಿಗೆ ಕಣ್ಣುಮುಚ್ಚಿ ಸುಮ್ಮನೆ ಕೂರುವುದರಿಂದ ತಳಮಳ ಹೆಚ್ಚಾಗುವುದೂ ಉಂಟು. ಅಂಥವರು ಬಲ್ಲವರ ಜೊತೆಯಲ್ಲೇ ಮಾಡಬೇಕು.

ಜನರ ನಡುವೆ, ಮರಗಳ ನಡುವೆ

ಪಕ್ಕದಲ್ಲಿ ನಂಬಿಕೆಯ ವ್ಯಕ್ತಿಯೊಬ್ಬರು ಇದ್ದರೆ ಅದೇ ಕಷ್ಟಕ್ಕೆ ದೇಹ ಕಡಿಮೆ ಸಿದ್ಧತೆ ಮಾಡಿಕೊಳ್ಳುತ್ತದೆ. 2010ರಲ್ಲಿ 148 ಅಧ್ಯಯನಗಳ, ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, ಗಟ್ಟಿಯಾದ ಸಾಮಾಜಿಕ ಸಂಬಂಧಗಳಿರುವವರು ಅಧ್ಯಯನದ ಅವಧಿಯಲ್ಲಿ ಬದುಕುಳಿಯುವ ಸಾಧ್ಯತೆ ಶೇ 50ರಷ್ಟು ಹೆಚ್ಚು ಎಂದು ಕಂಡುಬಂತು. ಸಾವಿರ ಪರಿಚಯಸ್ಥರು ಬೇಕಾಗಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡಬಹುದಾದ ಒಬ್ಬರು ಇದ್ದಾರೆಯೇ ಎಂಬುದೇ ಪ್ರಶ್ನೆ. ಒತ್ತಡದಲ್ಲಿರುವವರು ಮೊದಲು ಬಿಡುವುದು ಇದನ್ನೇ: ಸಮಯವಿಲ್ಲ ಎಂದು ಗೆಳೆಯರನ್ನು ದೂರ ಮಾಡುತ್ತಾರೆ. ಇದು ನನಗೆ ಎಲ್ಲಕ್ಕಿಂತ ದುಃಖದ ಸಂಗತಿಯಾಗಿ ಕಾಣುತ್ತದೆ.

ಹಸಿರಿನ ಕುರಿತು ರೋಜರ್ ಉಲ್ರಿಚ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ಇಂದಿಗೂ ಉಲ್ಲೇಖವಾಗುತ್ತದೆ. ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಉಳಿದವರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋದರು, ತೀವ್ರ ನೋವು ನಿವಾರಕಗಳನ್ನು ಕಡಿಮೆ ಕೇಳಿದರು. ಒಂದು ಸಲಕ್ಕೆ 20ರಿಂದ 30 ನಿಮಿಷ ಮರಗಿಡಗಳ ನಡುವೆ ಕಳೆದಾಗ ಕಾರ್ಟಿಸಾಲ್ ಹೆಚ್ಚು ವೇಗವಾಗಿ ಇಳಿಯುತ್ತದೆ ಎಂದು 2019ರ ಇನ್ನೊಂದು ಸಣ್ಣ ಅಧ್ಯಯನ ಹೇಳಿತು. ಫೋನ್ ಜೇಬಿನಲ್ಲೇ ಇರಬೇಕಿತ್ತು ಎಂಬುದು ಅದರ ಒಂದು ಷರತ್ತು.

ಗಿಡಮೂಲಿಕೆಯ ಮಾತ್ರೆಗಳು

ಗಿಡದಿಂದ ಬಂದದ್ದೆಲ್ಲ ನಿರಪಾಯ ಎಂಬ ನಂಬಿಕೆ ಬಲವಾಗಿದೆ. ದೇಹಕ್ಕೆ ಪರಿಣಾಮ ಮಾಡಬಲ್ಲ ವಸ್ತು ಅಡ್ಡಪರಿಣಾಮವನ್ನೂ ಮಾಡಬಲ್ಲದು. ಅಶ್ವಗಂಧ ಒತ್ತಡವನ್ನು ಸ್ವಲ್ಪ ತಗ್ಗಿಸುತ್ತದೆ ಎಂದು ಕೆಲವು ಸಣ್ಣ ಪ್ರಯೋಗಗಳು ಸೂಚಿಸಿವೆ. ಅದೇ ವೇಳೆ, ಅದನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ವರದಿಯಾಗಿವೆ. ಗರ್ಭಿಣಿಯರು, ಥೈರಾಯ್ಡ್ ತೊಂದರೆಯವರು ಅದರಿಂದ ದೂರವಿರಬೇಕು. ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆ ಗರ್ಭನಿರೋಧಕ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಮುಂತಾದವುಗಳ ಬಲವನ್ನು ಕುಂದಿಸುತ್ತದೆ. ಏನೇ ತೆಗೆದುಕೊಳ್ಳುತ್ತಿದ್ದರೂ ವೈದ್ಯರಿಗೆ ಮುಚ್ಚಿಡದೆ ಹೇಳಿ.

ಕಾರಣ ಹೊರಗೇ ಇದ್ದರೆ

ಉಸಿರಾಟದಿಂದ ಸಾಲ ತೀರುವುದಿಲ್ಲ. ಬ್ರಿಟನ್ನಿನ ಸರ್ಕಾರಿ ನೌಕರರ ಮೇಲೆ 1967ರಿಂದ ನಡೆದ ವೈಟ್‌ಹಾಲ್ ಅಧ್ಯಯನದಲ್ಲಿ, ಅತಿ ಕೆಳಗಿನ ಶ್ರೇಣಿಯ ಪುರುಷರು ಹೃದ್ರೋಗದಿಂದ ಸಾಯುವ ಪ್ರಮಾಣ ಅತಿ ಮೇಲಿನವರಿಗಿಂತ ಸುಮಾರು ಮೂರು ಪಟ್ಟು ಇತ್ತು. ಜವಾಬ್ದಾರಿ ಹೆಚ್ಚಿದ್ದ ಅಧಿಕಾರಿಗಳೇ ಹೆಚ್ಚು ಬಳಲುತ್ತಾರೆ ಎಂಬ ಊಹೆ ಸುಳ್ಳಾಯಿತು. ಧೂಮಪಾನ, ರಕ್ತದೊತ್ತಡದಂಥ ಕಾರಣಗಳನ್ನು ಕಳೆದರೂ ವ್ಯತ್ಯಾಸ ಪೂರ್ತಿ ಅಳಿಯಲಿಲ್ಲ. ತಮ್ಮ ಕೆಲಸದ ಮೇಲೆ ತಮಗೆ ಹಿಡಿತವಿಲ್ಲದಿರುವುದೂ ಹೃದ್ರೋಗಕ್ಕೆ ಒಂದು ಕಾರಣ ಎಂದು ಅದರ ಮುಂದಿನ ಹಂತದ ಸಂಶೋಧನೆ ತೋರಿಸಿತು.

ಇದರಿಂದ ನಮಗೆ ಸಿಗುವ ಸುಳಿವು ಸಣ್ಣದಲ್ಲ. ಇಡೀ ಕಷ್ಟ ಬದಲಾಗದಿದ್ದರೂ ಅದರ ಒಂದು ತುಣುಕು ಕೈಗೆ ಬಂದರೆ ದೇಹಕ್ಕೆ ಅದು ಅರ್ಥವಾಗುತ್ತದೆ. ರಾತ್ರಿ ಒಂಬತ್ತರ ನಂತರ ಕಚೇರಿಯ ಸಂದೇಶ ನೋಡುವುದಿಲ್ಲ ಎಂದು ತಿಳಿಸುವುದು, ಆರೈಕೆಯ ಹೊರೆಯಲ್ಲಿ ವಾರಕ್ಕೆ ಒಂದು ದಿನವನ್ನಾದರೂ ಒಡಹುಟ್ಟಿದವರಿಗೆ ವಹಿಸುವುದು, ಸಾಲ ಕೊಟ್ಟವರ ಜೊತೆ ಕುಳಿತು ಕಂತು ಮರುನಿಗದಿ ಮಾಡಿಸಿಕೊಳ್ಳುವುದು ಇಂಥವೇ. ಒತ್ತಡಕ್ಕೆ ಇವೂ ಮದ್ದು. ದಿನಕ್ಕೆ ಹದಿನಾಲ್ಕು ಗಂಟೆ ದುಡಿಸಿಕೊಂಡು ಧ್ಯಾನ ಮಾಡಿ ಎಂದು ಹೇಳುವ ಕಡೆ ತಪ್ಪು ದುಡಿಯುವವರದಲ್ಲ.

ವೈದ್ಯರ ಬಳಿ ಹೋಗಬೇಕಾದದ್ದು ಯಾವಾಗ

ಎದೆ ಬಿಗಿತ, ತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು, ಏಕಾಏಕಿ ಉಸಿರು ಕಟ್ಟುವುದು ಇವುಗಳನ್ನು ‘ಟೆನ್ಷನ್’ ಎಂದು ಮನೆಯಲ್ಲಿ ಕುಳಿತು ತೀರ್ಮಾನಿಸಬಾರದು. ತಕ್ಷಣ ಆಸ್ಪತ್ರೆಗೆ ಹೋಗಬೇಕು. ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಹೆಚ್ಚಿನ ಹೊತ್ತು ಮನಸ್ಸು ಕುಸಿದಿದ್ದರೆ, ಮೊದಲು ಇಷ್ಟವಿದ್ದ ಯಾವುದರಲ್ಲೂ ಆಸಕ್ತಿ ಉಳಿಯದಿದ್ದರೆ ಅದು ಖಿನ್ನತೆಯಿರಬಹುದು, ಅದಕ್ಕೆ ಚಿಕಿತ್ಸೆಯಿದೆ. ಬದುಕು ಸಾಕು ಎಂಬ ಯೋಚನೆ ಸುಳಿದರೆ ಒಂದು ದಿನವೂ ಕಾಯದೆ ಹತ್ತಿರದವರಿಗೆ ಹೇಳಿ, ಅಂದೇ ವೈದ್ಯರನ್ನೋ ಸಹಾಯವಾಣಿಯನ್ನೋ ಸಂಪರ್ಕಿಸಿ.

ರಕ್ತದೊತ್ತಡಕ್ಕೋ ಸಕ್ಕರೆ ಕಾಯಿಲೆಗೋ ಮಾತ್ರೆ ನುಂಗುತ್ತಿರುವವರು, ನಡಿಗೆ ಮತ್ತು ಉಸಿರಾಟದಿಂದ ಹಾಯೆನಿಸಿತು ಎಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಪ್ರಮಾಣ ತಗ್ಗಿಸಬಹುದೇ ಎಂದು ವೈದ್ಯರನ್ನೇ ಕೇಳಿ. ಭೇಟಿಗೆ ಹೋಗುವಾಗ ಹಿಂದಿನ ವಾರ ಎಷ್ಟು ಹೊತ್ತು ನಿದ್ದೆ ಮಾಡಿದಿರಿ, ಎದೆ ಡವಗುಟ್ಟಿದ್ದು ಯಾವಾಗ, ತೂಕ ಇಳಿದಿದೆಯೇ ಎಂಬುದನ್ನು ಬರೆದುಕೊಂಡು ಹೋದರೆ ಅವರಿಗೂ ಅನುಕೂಲ. ಥೈರಾಯ್ಡ್ ಹೆಚ್ಚಾದಾಗ ಮತ್ತು ರಕ್ತಹೀನತೆಯಲ್ಲೂ ಎದೆ ಡವಗುಟ್ಟುತ್ತದೆ, ಸುಸ್ತಾಗುತ್ತದೆ. ಆದ್ದರಿಂದ ಒತ್ತಡವೆಂದು ಹೇಳುವ ಮೊದಲು ಅವರು ರಕ್ತಪರೀಕ್ಷೆ ಬರೆದುಕೊಟ್ಟರೆ ಮಾಡಿಸಿಕೊಳ್ಳಿ.